ಸುಣ್ಣಗಲ್ಲಿನ ಸೀಮೆಯಲ್ಲಿ ಸೋರುವ ಮೋಟಾರು

ಶಹಾಬಾದದ ಹೆಸರನ್ನು ಕೇಳದ ಗೃಹಸ್ಥರು ನಮ್ಮಲ್ಲಿ ವಿರಳ. ಆ ಊರನ್ನು ಕಣ್ಣಾರೆ ಕಂಡವರು ಕೆಲವರೇ ಆದರೂ, ಅದರ ಹೆಸರನ್ನು ಹೊತ್ತ ಬೂದುಗಲ್ಲಿನ ಮೇಲೆ ಕಾಲಿಟ್ಟು ನಡೆದವರು ಲಕ್ಷೋಪಲಕ್ಷ. ಅಡುಗೆಯ ಮನೆ, ಹಜಾರ, ಪಾಠಶಾಲೆ, ಛತ್ರ, ರೈಲು ನಿಲ್ದಾಣ ಮೊದಲಾದೆಡೆಗಳಲ್ಲಿ ಹಾಸಿರುವ ಈ ಕಲ್ಲು, ಭೂಮಿಯಲ್ಲಿ ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಮಲಗಿರುವ ಸುಣ್ಣಗಲ್ಲು. ಸಿಮೆಂಟಿಗೂ ಇದೇ ಮೂಲದ್ರವ್ಯ. ಕಲ್ಲನ್ನು ಜೇಡಿಮಣ್ಣಿನಂಥ ದ್ರವ್ಯಗಳೊಡನೆ ಅರೆದು, ಕುಲುಮೆಯಲ್ಲಿ ಸುಟ್ಟು, ಬಂದ ಗಟ್ಟಿಗಳನ್ನು ಸ್ವಲ್ಪ ಜಿಪ್ಸಮ್ಮಿನೊಡನೆ ಮರಳಿ ಅರೆದರೆ ಸಿಮೆಂಟು ಸಿದ್ಧವಾಗುವುದು. ಆದಕಾರಣವೇ ವಾಡಿಯಲ್ಲಿಯೂ ಮಳಖೇಡದಲ್ಲಿಯೂ ಸೇಡಂನಲ್ಲಿಯೂ ದೊಡ್ಡ ಕಾರ್ಖಾನೆಗಳ ಗೋಪುರಗಳು ದೂರದಿಂದಲೇ ಕಾಣುತ್ತವೆ. ಈ ಸೀಮೆಯಲ್ಲಿ ಓಡಾಡುವ ಗಾಡಿಗಳ ಮೇಲೆ ನುಣುಪಾದ ಬೂದು ಧೂಳು ಸದಾ ಕುಳಿತಿರುವುದು. ಆ ಧೂಳೂ ಭಾದ್ರಪದದ ಮಳೆಯೂ ಕೂಡಿ ಒಂದು ಮೋಟಾರಿನ ಹಿಂಭಾಗದಲ್ಲಿ ಮಾಡಿದ ಉಪದ್ರವವನ್ನೂ, ಅದರ ಮೂಲವನ್ನು ಹುಡುಕಿ ಮುಚ್ಚಿದ ಬಗೆಯನ್ನೂ, ನಡುನಡುವೆ ಆ ದಾರಿಯ ಊರುಗಳನ್ನೂ ಕುರಿತು ನಾಲ್ಕು ಮಾತು ಬರೆಯುವೆವು. ಮನೆಯಲ್ಲಿ ಮೋಟಾರನ್ನು ಇಟ್ಟುಕೊಂಡಿರುವ ವಾಚಕರಿಗೆ ಇದರಿಂದ ಕೊಂಚ ಪ್ರಯೋಜನವಾದೀತು.

ನಮ್ಮ ಪ್ರಯಾಣದ ಉದ್ದೇಶವು ಸರಳವಾದುದು. ನಮ್ಮೊಡನೆ ಬಹುಕಾಲ ಉಪಾಧ್ಯಾಯರಾಗಿದ್ದು ಈಚೆಗೆ ಕಾಲವಾದ ಮಿತ್ರರೊಬ್ಬರ ಪುಸ್ತಕಗಳನ್ನು, ಅವರ ಮನೆಯವರ ಇಚ್ಛೆಯಂತೆ, ಚಿಂಚೋಳಿಯ ಕಡೆಯ ಒಂದು ಹಳ್ಳಿಯ ಶಾಲೆಗೆ ಮುಟ್ಟಿಸಬೇಕಾಗಿದ್ದಿತು. ಅವರು ಹುಟ್ಟಿದ ಊರು ಅದು. ಕೋಶಗಳು, ವ್ಯಾಕರಣಗಳು, ಕಾವ್ಯಗಳು, ಮಕ್ಕಳಿಗಾಗಿ ಅವರು ಕೊಂಡಿಟ್ಟಿದ್ದ ಕಥೆಯ ಪುಸ್ತಕಗಳು, ಎಲ್ಲವೂ ಸೇರಿ ಹನ್ನೊಂದು ಕಟ್ಟುಗಳಾದುವು. ಅಂಗಡಿಯಲ್ಲಿ ಪುನಃ ದೊರೆಯುವ ಪುಸ್ತಕಗಳು ಇವುಗಳಲ್ಲಿ ಅನೇಕವಿದ್ದುವು. ಆದರೆ ಪುಟದಂಚುಗಳಲ್ಲಿ ಮೂವತ್ತು ವರ್ಷಗಳ ಕಾಲ ಅವರು ಬರೆದಿಟ್ಟ ಟಿಪ್ಪಣಿಗಳು ಯಾವ ಅಂಗಡಿಯಲ್ಲಿಯೂ ದೊರೆಯತಕ್ಕವಲ್ಲ. ಮತ್ತೊಬ್ಬ ಮಿತ್ರರ ಮಗನು ತನ್ನ ಮೋಟಾರಿನ ಹಿಂದಿನ ಆಸನವನ್ನು ಅರ್ಧ ಮಡಿಸಿ, ಡಿಕ್ಕಿಯೆಂದು ವಾಡಿಕೆಯಲ್ಲಿ ಕರೆಯುವ ಹಿಂಭಾಗದ ಸರಕಿನ ಗೂಡಿನಲ್ಲಿ ಕಟ್ಟುಗಳನ್ನು ಜೋಡಿಸಿದನು. ಹಿಂಬಾಗಿಲು ಮೇಲಕ್ಕೆ ಎತ್ತುವಂಥ ಗಾಡಿ ಅದು. ಎರಡನೆಯ ಕೈಯಿಂದ ಕೊಂಡದ್ದು. ಮೂವರೂ ಬೆಳಗ್ಗೆ ಕಲಬುರಗಿಯಿಂದ ಹೊರಟೆವು.

ಶಹಾಬಾದವನ್ನು ಸೇರುವ ಮುನ್ನ ಒಂದು ಗಂಟೆಯ ಕಾಲ ಮಳೆ ಹೊಡೆಯಿತು. ಊರಿನಲ್ಲಿ ಚಹಕ್ಕಾಗಿ ನಿಂತು ಹಿಂಬಾಗಿಲನ್ನು ಎತ್ತಿದಾಗ ನೆಂದ ರಟ್ಟಿನ ವಾಸನೆ ಬಂದಿತು. ಎಡಗಡೆಯ ಕೆಳಗಿನ ಕಟ್ಟು ಅಡಿಯಿಂದ ಒಂದು ಗೇಣು ನೆಂದಿದ್ದಿತು. ನೆಲಹಾಸನ್ನು ಎತ್ತಿ ನೋಡಿದರೆ, ಹೆಚ್ಚಿನ ಚಕ್ರವನ್ನು ಇಡುವ ತಗ್ಗಿನಲ್ಲಿ ಎರಡು ಬೆರಳು ನೀರು ನಿಂತು, ಜಾಕಿಯೂ ಪಾನೆಯೂ ಅದರಲ್ಲಿ ತುಕ್ಕು ಹಿಡಿಯತೊಡಗಿದ್ದುವು. ಅಂದರೆ ಸೋರಿಕೆಯು ಆ ದಿನದ್ದಲ್ಲ, ಹಳೆಯದು. ಗಾಡಿಯನ್ನು ಮಾರಿದವರು ಅದನ್ನು ಹೇಳಿರಲಿಲ್ಲ. ಮಾರ್ಗದ ಬದಿಯಲ್ಲಿದ್ದ ಒಬ್ಬ ಮೇಸ್ತ್ರಿಯು ನೋಡಿ, ಎಡಬದಿ ನೆಂದಿರುವುದರಿಂದ ಎಡಬದಿಯ ರಬ್ಬರಿನದೇ ದೋಷವೆಂದು ನಿಶ್ಚಯಿಸಿ, ಬಾಗಿಲಿನ ಸುತ್ತಣ ರಬ್ಬರಿಗೆ ಎಡಗಡೆಯಲ್ಲಿ ಅಂಟನ್ನು ಬಳಿದು ಕಳುಹಿಸಿದನು. ನಾವು ಒಣಗಿದ ಕಟ್ಟುಗಳನ್ನು ಆಸನದ ಮೇಲಕ್ಕೆ ಏರಿಸಿ, ನೆಂದುದನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಸಾಗಿದೆವು.

ಶಹಾಬಾದಕ್ಕೂ ವಾಡಿಗೂ ನಡುವೆ ಕಾಗಿಣಾ ನದಿಯು ಹರಿಯುತ್ತದೆ. ಅದು ಮುಂದೆ ಪಶ್ಚಿಮಕ್ಕೆ ಹೋಗಿ ಭೀಮೆಯನ್ನು ಸೇರುವುದು. ೨೦೨೦ನೆಯ ಅಕ್ಟೋಬರಿನಲ್ಲಿ ಈ ನದಿಯು ಉಕ್ಕಿ ಮಳಖೇಡವೇ ಮೊದಲಾದ ದಡದ ಊರುಗಳಿಗೆ ನುಗ್ಗಿದುದನ್ನು ಆ ಕಡೆಯವರು ಇನ್ನೂ ಮರೆತಿಲ್ಲ. ಆ ದಿನ ನದಿಯು ಅಷ್ಟು ಉಗ್ರವಾಗಿರಲಿಲ್ಲ. ಆದರೂ ಒಂದು ಗಂಟೆಯ ಮಳೆಗೆ ಮೀರಿದ ನೀರು, ಕಸಕಡ್ಡಿಗಳನ್ನೂ ನೊರೆಯನ್ನೂ ಹೊತ್ತು, ಕೆಂಪಗೆ ಹರಿಯುತ್ತಿದ್ದಿತು. ಸುತ್ತಲಿನ ಹೊಲಗಳೋ ಕಪ್ಪು ಎರೆಯವು. ಕೆಂಪು ನೀರು ಎಲ್ಲಿಂದ ಬಂದಿತು? ಕಾಗಿಣೆಯನ್ನು ಕೂಡುವ ಮುಲ್ಲಾಮಾರಿಯು ಚಿಂಚೋಳಿಯ ಕೆಂಪು ಮಣ್ಣಿನ ಗುಡ್ಡಗಳಿಂದ ಇಳಿದು ಬರುವುದು. ಆದಕಾರಣ ರಾತ್ರಿ ಅಲ್ಲಿ ಮಳೆಯಾಗಿರಬೇಕೆಂದು ಮಿತ್ರರೊಡನೆ ಹೇಳಿದೆವು.

ಹೀಗೆ ಹೇಳುವಾಗ ನ್ಯಾಯಶಾಸ್ತ್ರದ ಒಂದು ಹಳೆಯ ಉದಾಹರಣೆಯು ನಮ್ಮ ನೆನಪಿಗೆ ಬಂದಿತು. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವ ಅನುಮಾನಕ್ಕೆ ಶೇಷವತ್ ಎಂದು ಹೆಸರು. ಗೌತಮನ ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ಅದಕ್ಕೆ ಕೊಡುವ ದೃಷ್ಟಾಂತವು ತುಂಬಿದ ನದಿಯೇ: ಪ್ರವಾಹವನ್ನು ಕಂಡು ಮೇಲ್ಗಡೆ ಮಳೆಯಾಗಿದೆಯೆಂದು ತಿಳಿಯುವುದು. ಸೂತ್ರಕಾರನು ಇದಕ್ಕೆ ಬರಬಹುದಾದ ಆಕ್ಷೇಪವನ್ನೂ ಬಿಟ್ಟಿಲ್ಲ. ಕೆಳಗಡೆ ಯಾವುದೋ ಅಡ್ಡಿಯಿಂದ ಹರಿವು ಕಟ್ಟಿಕೊಂಡರೂ ನದಿಯು ತುಂಬಬಹುದಲ್ಲವೆ? ಹಾಗಿದ್ದರೆ ಮಳೆಯನ್ನು ಊಹಿಸುವುದು ತಪ್ಪಾಗದೆ? ಇದಕ್ಕೆ ಉತ್ತರವೇನೆಂದರೆ, ಬರಿಯ ತುಂಬುವಿಕೆಯನ್ನು ನೋಡಿದರೆ ಸಾಲದು, ಅದರ ವಿಶೇಷಗಳನ್ನೂ ನೋಡಬೇಕು. ಮಳೆಯಿಂದ ತುಂಬಿದ ನದಿಗೆ ವೇಗವಿರುವುದು, ನೊರೆಯಿರುವುದು, ಎಲೆ ಹಣ್ಣು ಕಟ್ಟಿಗೆಗಳು ತೇಲಿಬರುವುವು. ಅಡ್ಡಿಯಿಂದ ನಿಂತ ನೀರಿಗೆ ಇವು ಇರಲಾರವು. ಡಿಕ್ಕಿಯಲ್ಲಿ ನಿಂತ ಎರಡು ಬೆರಳು ನೀರಿಗೂ ಈ ವಿಚಾರವೇ ಸಲ್ಲುವುದಲ್ಲವೆ? ನೀರು ಮೇಲಿನಿಂದ ಒಳಗೆ ಬಂದಿತೆ? ಹೊರಗೆ ಹೋಗಬೇಕಾದ ನೀರು ದಾರಿ ಕಟ್ಟಿ ಒಳಗೆ ತಿರುಗಿತೆ? ಅಥವಾ ಎರಡೂ ಸೇರಿತೆ? ಮೇಸ್ತ್ರಿಯು ಈ ಪ್ರಶ್ನೆಗಳನ್ನು ಕೇಳಲಿಲ್ಲ. ನೀರು ನಿಂತ ಎಡೆಯನ್ನೇ ನೀರು ಬಂದ ಎಡೆಯೆಂದು ಭಾವಿಸಿದನು.

ವಾಡಿಯು ರೈಲಿನಿಂದ ಬೆಳೆದ ಊರು. ಮುಂಬಯಿಯ ಕಡೆಯಿಂದ ರಾಯಚೂರಿಗೆ ಹೋಗುವ ದಾರಿಗೆ ಸಿಕಂದರಾಬಾದಿನಿಂದ ಬಂದ ನಿಜಾಮರ ರೈಲುದಾರಿಯು ೧೮೭೪ರಲ್ಲಿ ಇಲ್ಲಿಯೇ ಕೂಡಿಕೊಂಡಿತು. ಅಂದಿನಿಂದಲೂ ಇದು ಕೂಡುನಿಲ್ದಾಣ. ಇಲ್ಲಿ ರೈಲಿನ ನೌಕರಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇಳಿದೆವು. ಮೊದಲ ಕೆಲಸ ಪುಸ್ತಕಗಳದು. ನೆಂದ ಕಾಗದಕ್ಕೆ ಎರಡು ದಿನಗಳೊಳಗಾಗಿ ಬೂಸು ಹಿಡಿಯುವ ಭಯವುಂಟು. ಆದಕಾರಣ ವಿಳಂಬವು ಸಲ್ಲದು. ಹಾಳೆಗಳ ನಡುವೆ ಅಲ್ಲಲ್ಲಿ ಅಚ್ಚಿಲ್ಲದ ಬಿಳಿಯ ಕಾಗದವನ್ನು ಇಟ್ಟು, ಪುಸ್ತಕಗಳನ್ನು ಕೊಂಚ ತೆರೆದು ನಿಲ್ಲಿಸಿ, ವಿದ್ಯುತ್ತಿನ ಬೀಸಣಿಗೆಯ ಗಾಳಿಯು ಹಾಯುವಂತೆ ಮಾಡಿ, ಕಾಗದವು ನೆಂದಂತೆಲ್ಲ ಬದಲಿಸುತ್ತಿದ್ದೆವು. ಬಿಸಿಲಿಗೆ ಹರಡಿದರೆ ಹಾಳೆಗಳು ಸೊಟ್ಟಗಾಗುವುವು. ಅಂಟಿಕೊಂಡ ಹಾಳೆಗಳನ್ನು ಬಲದಿಂದ ಬಿಡಿಸಿದರೆ ಹರಿಯುವುವು. ಆ ಕಟ್ಟಿನಲ್ಲಿ ಒಂದು ವ್ಯಾಕರಣವಿದ್ದಿತು. ಅದರ ಅಂಚಿನಲ್ಲಿ ಮಿತ್ರರು ಶಾಯಿಯ ಲೇಖನಿಯಿಂದ ಬರೆದಿದ್ದುದೆಲ್ಲ ಕರಗಿ ನೀಲಿಯ ಮೋಡವಾಗಿದ್ದಿತು, ಒಂದಕ್ಷರವೂ ಓದಲು ಬಾರದು. ಸೀಸದ ಕಡ್ಡಿಯಿಂದ ಬರೆದವು ಮಾತ್ರ ಹಾಗೆಯೇ ಉಳಿದುವು. ಶಾಯಿಯ ಬಣ್ಣವು ನೀರಿನಲ್ಲಿ ಕರಗುವಂಥದು. ಸೀಸದ ಕಡ್ಡಿಯ ಕಪ್ಪು ಇಂಗಾಲದ ಪುಡಿ, ನೀರಿಗೆ ಅಂಜುವುದಿಲ್ಲ. ಆ ಪುಟಗಳನ್ನು ನೋಡಿದ ಮೇಲೆ, ಸೋರಿಕೆಯ ಮೂಲವನ್ನು ಕಾಣದೆ ವಾಡಿಯನ್ನು ಬಿಡಬಾರದೆಂದು ನಿಶ್ಚಯಿಸಿದೆವು.

ಮರುದಿನ ಬೆಳಗ್ಗೆ ಪರೀಕ್ಷೆಯನ್ನು ಆರಂಭಿಸಿದೆವು. ಮೊದಲು ನಿಂತ ನೀರನ್ನು ಒಂದು ಬಿಳಿಯ ಬಟ್ಟಲಿನಲ್ಲಿ ತೆಗೆದು ನೋಡಿದೆವು. ನೀರು ಕೆಸರಾಗಿದ್ದರೆ, ಚಕ್ರವು ಎರಚಿದ ರಸ್ತೆಯ ನೀರು ಕೆಳಗಿನ ರಂಧ್ರದ ಮುಚ್ಚಳದಿಂದಲೋ, ಹಿಂಬದಿಯ ತಡೆಪಟ್ಟಿಯ ಮರೆಯಲ್ಲಿರುವ ಗಾಳಿಗಿಂಡಿಯಿಂದಲೋ ಬಂದಿದೆಯೆಂದು ತಿಳಿಯಬೇಕು. ಸಾಬೂನಿನ ವಾಸನೆಯಿದ್ದರೆ, ಹಿಂಗಾಜನ್ನು ತೊಳೆಯುವ ನೀರಿನ ಸಣ್ಣ ಕೊಳವೆಯು ಬಾಗಿಲಿನ ತಿರುಗಣೆಯ ಬಳಿಯಲ್ಲಿ ಒಡೆದಿರಬೇಕು. ಸ್ವಚ್ಛವಾಗಿದ್ದರೆ ಮೇಲಿನಿಂದ ಬಂದ ಮಳೆಯ ನೀರು. ಬೆಳಗಿನ ಹೊತ್ತು ಗಾಜಿನ ಒಳಮೈಯಲ್ಲಿ ಮಾತ್ರ ಹನಿಗಟ್ಟಿದ್ದರೆ ಅದು ಸೋರಿಕೆಯೇ ಅಲ್ಲ, ನೆಂದ ಹಾಸಿನ ತೇವವು ಆವಿಯಾಗಿ ತಣ್ಣನೆಯ ಗಾಜಿಗೆ ತಗುಲಿ ನೀರಾದುದು. ನಮ್ಮ ಬಟ್ಟಲಿನಲ್ಲಿ ನೀರು ತಿಳಿಯಾಗಿದ್ದು, ತಳದಲ್ಲಿ ಕೊಂಚ ಬೂದು ಹುಡಿಯು ಕುಳಿತಿದ್ದಿತು. ಮೇಲಿನಿಂದ ಬಂದ ನೀರು, ಬರುವಾಗ ಧೂಳಿನ ದಾರಿಯನ್ನು ತೊಳೆದುಕೊಂಡು ಬಂದಿದೆ ಎಂದು ಇದರಿಂದ ತಿಳಿಯಿತು.

ತರುವಾಯ ಗೂಡಿನಲ್ಲಿದ್ದುದೆಲ್ಲವನ್ನೂ ಹೊರಗೆ ತೆಗೆದು, ಹಾಸನ್ನೂ ಬದಿಯ ಹೊದಿಕೆಗಳನ್ನೂ ಬಿಚ್ಚಿ, ಬರಿಯ ತಗಡು ಕಾಣುವಂತೆ ಮಾಡಿ, ಬಟ್ಟೆಯಿಂದ ಒರೆಸಿ ಒಣಗಿಸಿದೆವು. ತೇವವಿದ್ದಲ್ಲಿ ಹೊಸ ಹನಿಯು ಕಾಣಿಸಲಾರದು. ತಗಡಿನ ಪ್ರತಿಯೊಂದು ಬೆಸುಗೆಯ ಕೆಳಗೂ ಸೀಮೆಸುಣ್ಣದ ಪುಡಿಯನ್ನು ಗೆರೆಯಾಗಿ ಉದುರಿಸಿದೆವು. ನೀರು ಹಾಯ್ದರೆ ಅದರ ಹೆಜ್ಜೆಯು ಸುಣ್ಣದಲ್ಲಿ ಮೂಡುವುದು. ಮಿತ್ರರ ಮಗನು ಬ್ಯಾಟರಿಯ ದೀಪವನ್ನು ಹಿಡಿದು ಒಳಗೆ ಕುಳಿತನು. ಹಿಂಬಾಗಿಲನ್ನು ಮುಚ್ಚಿ, ನಮ್ಮ ವಿದ್ಯಾರ್ಥಿಯು ರಬ್ಬರಿನ ಕೊಳವೆಯಿಂದ ಸಣ್ಣಗೆ ನೀರು ಬಿಡತೊಡಗಿದನು. ಇಲ್ಲಿ ಎರಡು ನಿಯಮಗಳುಂಟು. ನೀರನ್ನು ರಭಸದಿಂದ ಹೊಡೆಯಕೂಡದು. ರಭಸದ ನೀರು ಮಳೆಯು ಎಂದಿಗೂ ಹೊಗದ ಎಡೆಯಲ್ಲಿಯೂ ಹೊಕ್ಕು ಸುಳ್ಳು ಸಾಕ್ಷಿಯನ್ನು ಹೇಳುವುದು. ಮತ್ತು ಕೆಳಗಿನಿಂದ ಮೊದಲುಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲ ಸಂದುಗಳೂ ಒಮ್ಮೆಗೇ ನೆಂದು, ಯಾವುದು ಅಪರಾಧಿಯೆಂಬುದು ತಿಳಿಯದೆ ಹೋಗುವುದು. ಒಂದಿದ್ದರೆ ಇನ್ನೊಂದಿರುವುದು ಅನ್ವಯ, ಒಂದಿಲ್ಲದಿದ್ದರೆ ಇನ್ನೊಂದಿಲ್ಲದಿರುವುದು ವ್ಯತಿರೇಕ. ಇವೆರಡೂ ಕೂಡಿದಲ್ಲಿ ಮಾತ್ರ ಕಾರಣವು ನಿಶ್ಚಯವಾಗುವುದೆಂದು ನಾವು ತರಗತಿಯಲ್ಲಿ ಎಷ್ಟೋ ಸಾರಿ ಹೇಳಿದ್ದೆವು. ಕೊಳವೆಯನ್ನು ಒಂದೊಂದು ಎಡೆಯಲ್ಲಿ ಹತ್ತು ನಿಮಿಷ ಹಿಡಿಯುವುದೆಂದರೆ ಅದನ್ನು ಕೈಯಿಂದ ಮಾಡಿದಂತಾಯಿತು.

ಬಾಗಿಲಿನ ಕೆಳಗಿನ ಅಂಚಿಗೆ ನೀರು ಬಿಟ್ಟೆವು. ಒಳಗೆ ಏನೂ ಇಲ್ಲ. ಎಡದೀಪದ ಮೇಲೆ ಬಿಟ್ಟೆವು; ಇಲ್ಲ. ಬಲದೀಪದ ಮೇಲೆ ಬಿಟ್ಟು ಆರೇಳು ನಿಮಿಷವಾಗುವಷ್ಟರಲ್ಲಿ ಒಳಗಿನಿಂದ ಕೂಗು ಬಂದಿತು. ದೀಪದ ಹಿಂಬದಿಯ ಮೂಲೆಯಲ್ಲಿ ಒಂದು ಹನಿ ಕಾಣಿಸಿಕೊಂಡು, ತಗಡಿನ ಮಡಿಕೆಯನ್ನು ಹಿಡಿದು ಇಳಿದು, ಹಿಂಬದಿಯ ಅಡ್ಡಪಟ್ಟಿಯ ಬೆಸುಗೆಯಗುಂಟ ಎಡಕ್ಕೆ ಹರಿಯತೊಡಗಿದ್ದಿತು. ಸುಣ್ಣದ ಗೆರೆಯಲ್ಲಿ ಅದರ ದಾರಿಯು ಸ್ಪಷ್ಟವಾಗಿ ಮೂಡಿತು. ಎಡಕ್ಕೇ ಏಕೆ? ನಮ್ಮ ರಸ್ತೆಗಳು ನಡುವೆ ಉಬ್ಬಿ ಎರಡೂ ಅಂಚಿಗೆ ಇಳಿಜಾರಾಗಿರುವುವು. ನಾವು ಎಡಬದಿಯಲ್ಲಿ ಓಡಿಸುವವರಾದುದರಿಂದ ಗಾಡಿಯು ಸದಾ ಕೊಂಚ ಎಡಕ್ಕೆ ವಾಲಿರುವುದು, ಅಂಗಳದಲ್ಲಿಯೂ ಅದು ಹಾಗೆಯೇ ನಿಂತಿದ್ದಿತು. ಬಲಗಡೆ ಹೊಕ್ಕ ನೀರು ಎಡಗಡೆಯ ಪುಸ್ತಕವನ್ನು ನೆನೆಸಿದುದು ಹೀಗೆ. ಬಲದೀಪಕ್ಕೆ ನೀರನ್ನು ನಿಲ್ಲಿಸಿದೊಡನೆ ಹನಿಯೂ ನಿಂತಿತು. ಪುನಃ ಬಿಟ್ಟಾಗ ಪುನಃ ಬಂದಿತು. ಅಂಟು ಬಳಿದ ಎಡಬದಿಯ ರಬ್ಬರು ಪಾಪ ನಿರಪರಾಧಿ.

ಆದರೆ ಅಡ್ಡಿಯ ಪ್ರಶ್ನೆಯು ಇನ್ನೂ ಉಳಿದಿದ್ದಿತು. ಮಳೆಯ ನೀರು ಛಾವಣಿಯಿಂದ ಇಳಿದು, ಬಾಗಿಲಿನ ರಬ್ಬರಿನ ಹೊರಗಡೆಯ ಕಾಲುವೆಯಲ್ಲಿ ಎರಡೂ ಬದಿಗೆ ಹರಿದು, ದೀಪಗಳ ಪಕ್ಕದಿಂದ ಕೆಳಗೆ ಬಿದ್ದುಹೋಗುವಂತೆ ಗಾಡಿಯನ್ನು ಮಾಡಿರುತ್ತಾರೆ. ನೀರು ಅಲ್ಲಿ ಬರುವುದು ದೋಷವಲ್ಲ, ನಿಲ್ಲುವುದು ದೋಷ. ಬಾಗಿಲನ್ನೆತ್ತಿ ಬಲಬದಿಯ ಕಾಲುವೆಯನ್ನು ನೋಡಲು, ಅದರ ಕೆಳಮೂಲೆಯಲ್ಲಿ ಕಲ್ಲಿನ ಧೂಳೂ ಬೇವಿನ ಎಲೆಯೂ ಸೇರಿ ಒಂದು ಕಟ್ಟೆಯೇ ಆಗಿದ್ದಿತು. ಬರಿಯ ಕಲ್ಲಿನ ಧೂಳು ನೆಂದರೆ ಕೆಸರಾಗುವುದು, ಒಣಗಿದರೆ ಉದುರುವುದು. ಅದರಲ್ಲಿ ಸಿಮೆಂಟಿನ ಹುಡಿಯು ಸೇರಿದರೆ ನೀರು ಬಿದ್ದೊಡನೆ ಗಟ್ಟಿಯಾಗತೊಡಗುವುದು. ಈ ಕಟ್ಟೆಯು ಉಗುರಿಗೆ ಜಗ್ಗಲಿಲ್ಲ. ಅದರ ಹಿಂದೆ ನಿಂತ ನೀರು ದೀಪದ ಅಂಚಿನವರೆಗೆ ಏರಿ, ಅಲ್ಲಿ ಬಿರುಕನ್ನು ಕಂಡು ಒಳಹೊಕ್ಕಿತು. ಹೀಗೆ ನ್ಯಾಯಸೂತ್ರದ ಆಕ್ಷೇಪವೂ ಉತ್ತರವೂ ಎರಡೂ ಒಂದೇ ಮೂಲೆಯಲ್ಲಿ ನಮಗೆ ದೊರಕಿದುವು.

ದುರಸ್ತಿಯು ಒಂದು ಮಧ್ಯಾಹ್ನದ ಕೆಲಸವಾಯಿತು. ಕಟ್ಟೆಯನ್ನು ನೀರು ಹಚ್ಚಿ ಮರದ ಕಡ್ಡಿಯಿಂದ ಕೆರೆದು, ಮೆತ್ತನೆಯ ಕುಂಚದಿಂದ ತೊಳೆದೆವು. ಕಬ್ಬಿಣದ ಮೊನೆಯಿಂದ ಕೆರೆದರೆ ಬಣ್ಣವು ಹರಿದು ತುಕ್ಕಿಗೆ ದಾರಿಯಾಗುವುದು. ಒಳಗಡೆಯ ತಿರುಪುಗಳನ್ನು ಬಿಚ್ಚಿ ಬಲದೀಪವನ್ನು ಹೊರಗೆಳೆದಾಗ, ಅದರ ಹಿಂದಿನ ಮೆತ್ತೆಯು ಚಪ್ಪಟೆಯಾಗಿ ತೊಗಲಿನಂತೆ ಬಿರುಸಾಗಿದ್ದಿತು. ಹಿಂದೆ ಯಾರೋ ಅದರ ಮೇಲೆ ಸ್ನಾನದ ಮನೆಗೆ ಬಳಸುವ ಹುಳಿವಾಸನೆಯ ಸಿಲಿಕೋನ್ ಅಂಟನ್ನು ಬಳಿದಿದ್ದರು. ಆ ಅಂಟು ಒಣಗುವಾಗ ಬಿಡುವ ಆಮ್ಲವು ಬರಿಯ ತಗಡಿಗೆ ತುಕ್ಕು ತರಿಸುವುದು. ಮೋಟಾರಿಗೆ ಅದು ತಕ್ಕುದಲ್ಲ. ಹಳೆಯದನ್ನೆಲ್ಲ ತೆಗೆದು, ಒರೆಸಿ, ಒಣಗಿಸಿ, ಬ್ಯೂಟೈಲ್ ಎಂಬ ಮೇಣದಂಥ ರಬ್ಬರಿನ ಹುರಿಯನ್ನು ಸುತ್ತಲೂ ಒತ್ತಿ, ದೀಪವನ್ನು ಕೂರಿಸಿ, ತಿರುಪುಗಳನ್ನು ಒಂದಾದ ಮೇಲೊಂದರಂತೆ ಸಮನಾಗಿ ಬಿಗಿದೆವು. ಒಂದನ್ನೇ ಬಲವಾಗಿ ಬಿಗಿದರೆ ದೀಪದ ಒಡಲು ಸೀಳುವುದು. ಬಾಗಿಲಿನ ರಬ್ಬರಿಗೂ ಒಂದು ಪರೀಕ್ಷೆ ಮಾಡಿದೆವು. ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಬಾಗಿಲನ್ನು ಮುಚ್ಚಿ ಎಳೆದರೆ ಎಲ್ಲೆಡೆಯೂ ಬಿಗಿಯಾಗಿ ಹಿಡಿಯಬೇಕು. ಸಡಿಲವಾಗಿ ಬಂದಲ್ಲಿ ರಬ್ಬರು ಸೋತಿದೆ, ಇಲ್ಲವೆ ಬಾಗಿಲಿನ ಕೊಂಡಿಯು ಸರಿದಿದೆ. ನಮ್ಮದು ಸರಿಯಾಗಿದ್ದಿತು. ಬಾಗಿಲಿನ ಕೆಳಗಿರುವ ಸಣ್ಣ ತೂತುಗಳನ್ನು ಮೇಣದಿಂದ ಮುಚ್ಚಬೇಕೆಂದು ಒಬ್ಬರು ಸೂಚಿಸಿದರು. ಅವು ಬಾಗಿಲಿನ ಒಡಲಿಗೆ ಇಳಿದ ನೀರು ಹೊರಗೆ ಹೋಗುವ ದಾರಿಗಳು. ಅವನ್ನು ಮುಚ್ಚಿದರೆ ಬಾಗಿಲೇ ಕೊಳವಾಗುವುದು.

ಮೂರನೆಯ ದಿನ ಚಿತ್ತಾಪುರಕ್ಕೆ ಬಂದು, ಊರಿನ ಸಮೀಪದ ನಾಗಾವಿಯನ್ನು ನೋಡಿದೆವು. ಇಂದು ಅಲ್ಲಿ ಎಲ್ಲಮ್ಮನ ಗುಡಿಗೆ ಭಕ್ತರು ಬರುವರು. ಅದರಾಚೆ ಅರವತ್ತು ಕಂಬದ ಗುಡಿಯೂ ಹಾಳುಬಿದ್ದ ಕಟ್ಟಡಗಳೂ ಶಾಸನಗಳೂ ಇವೆ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳಿಕೆಯ ೧೦೫೮ರ ಶಾಸನವು ಇಲ್ಲಿಯ ಘಟಿಕಾಸ್ಥಾನವನ್ನು ವರ್ಣಿಸುವುದು. ವೇದವನ್ನು ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರವನ್ನು ಓದುವವರು ಐವತ್ತರಷ್ಟು ಮಂದಿ, ಅವರಿಗೆ ಗುರುಗಳು; ಇವರಲ್ಲದೆ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ. ತಾಳೆಗರಿಗೆ ತೇವವೂ ಹುಳುವೂ ಶತ್ರುಗಳು. ಆರು ಮಂದಿಯ ಸಂಬಳವನ್ನು ದಾನಿಗಳು ಸುಮ್ಮನೆ ಗೊತ್ತುಮಾಡಿರಲಾರರು. ಅವರು ಕಾಯ್ದ ಗ್ರಂಥಗಳಲ್ಲಿ ಒಂದು ಗರಿಯಾದರೂ ಅಲ್ಲಿ ಈಗಿಲ್ಲ. ಕಲ್ಲಿನಲ್ಲಿ ಕೆತ್ತಿದ ಅವರ ಸಂಖ್ಯೆ ಉಳಿದಿದೆ. ಆ ಕಂಬಗಳ ನಡುವೆ ನಿಂತಿದ್ದಾಗ ಮಿತ್ರರ ಮಗನು ಮೆಲ್ಲನೆ ಹೊರಗೆ ಹೋಗಿ ಡಿಕ್ಕಿಯನ್ನು ತೆರೆದು ನೋಡಿಕೊಂಡು ಬಂದನು.

ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿಂದ ಆಳಿದನು. ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಗ್ರಂಥವಾದ ಕವಿರಾಜಮಾರ್ಗವು ಅವನ ಆಸ್ಥಾನಕ್ಕೆ ಸೇರಿದುದು. ೯೭೨ರಲ್ಲಿ ಪರಮಾರರ ಸೀಯಕನು ಈ ನಗರವನ್ನು ಸೂರೆಮಾಡಿದನು. ಕಾಗಿಣೆಯ ದಡದ ಕೋಟೆಯ ಗೋಡೆಗಳಲ್ಲಿ ಇಂದು ಕಲ್ಲಿನ ಸಂದುಸಂದಿನಿಂದ ಹುಲ್ಲು ಹುಟ್ಟಿದೆ. ಮಳೆಯ ನೀರು ಹೊಕ್ಕ ಸಂದನ್ನು ಬೇರು ಅಗಲಿಸುವುದು, ಬೇರು ಅಗಲಿಸಿದ ಸಂದನ್ನು ಮತ್ತೆ ಮಳೆಯು ತೊಳೆಯುವುದು. ದುರಸ್ತಿಯನ್ನು ಕಾಣದ ಕಟ್ಟಡಕ್ಕೆ ಸೀಯಕನಷ್ಟೇ ಮಳೆಯೂ ಶತ್ರು.

ಸೇಡಂನಲ್ಲಿ ಉಳಿದ ರಾತ್ರಿ ನಿಜವಾದ ಪರೀಕ್ಷೆಯಾಯಿತು. ಊಟದ ಹೊತ್ತಿಗೆ ಆರಂಭವಾದ ಮಳೆಯು ನಡುರಾತ್ರಿಯವರೆಗೂ ಬಿಡಲಿಲ್ಲ. ಕಟ್ಟುಗಳನ್ನು ನಾವಿಳಿದಿದ್ದ ಕೋಣೆಗೆ ತಂದಿದ್ದೆವು. ಬರಿದಾದ ಡಿಕ್ಕಿಯಲ್ಲಿ ಸುಣ್ಣದ ಗೆರೆಗಳನ್ನು ಹೊಸದಾಗಿ ಎಳೆದು, ತಗ್ಗಿನಲ್ಲಿ ಒಣಗಿದ ವೃತ್ತಪತ್ರಿಕೆಯನ್ನು ಹರಡಿ ಬಾಗಿಲನ್ನು ಮುಚ್ಚಿದೆವು. ಬೆಳಗ್ಗೆ ತೆರೆದಾಗ ಗೆರೆಗಳು ಎಳೆದಂತೆಯೇ ಇದ್ದುವು, ಪತ್ರಿಕೆಯು ಗರಿಗರಿಯಾಗಿದ್ದಿತು. ಕಟ್ಟುಗಳನ್ನು ಮರಳಿ ಜೋಡಿಸಿದೆವಾದರೂ, ಅಡಿಯಲ್ಲಿ ಎರಡು ಮರದ ಪಟ್ಟಿಗಳನ್ನು ಇಡಲು ಮರೆಯಲಿಲ್ಲ.

ಸೇಡಂನಿಂದ ಉತ್ತರಕ್ಕೆ ಹೋದಂತೆ ತೊಗರಿಯ ಎರೆಹೊಲಗಳು ಹಿಂದಕ್ಕೆ ಉಳಿದು, ನೆಲವು ಏರಿ, ಮಣ್ಣು ಕೆಂಪಾಗುವುದು. ಚಿಂಚೋಳಿಯ ಕಾಡನ್ನು ೨೦೧೧ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ಅದರ ನಡುವೆ ಚಂದ್ರಂಪಳ್ಳಿಯ ಜಲಾಶಯವು ಗುಡ್ಡಗಳ ಮಡಿಲಲ್ಲಿ ತುಂಬಿ ನಿಂತಿದ್ದಿತು. ನಾವು ಕಾಗಿಣೆಯ ದಡದಲ್ಲಿ ನಿಂತಿದ್ದ ಹಿಂದಿನ ರಾತ್ರಿ ಅಲ್ಲಿ ಜೋರಾಗಿ ಮಳೆಯಾಗಿದ್ದಿತೆ ಎಂದು ದಾರಿಯಲ್ಲಿ ಒಬ್ಬ ದನಗಾಹಿಯನ್ನು ಕೇಳಿದೆವು. ಹಳ್ಳ ದಾಟಲಾರದೆ ಅವನ ಎಮ್ಮೆಗಳು ಆ ರಾತ್ರಿಯೆಲ್ಲ ಆಚೆಯ ದಡದಲ್ಲಿಯೇ ಉಳಿದುವಂತೆ.

ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಹನ್ನೊಂದು ಕಟ್ಟುಗಳನ್ನೂ ಎಣಿಸಿ ತೆಗೆದುಕೊಂಡರು. ನೆಂದು ಒಣಗಿದ ವ್ಯಾಕರಣವನ್ನು ಕೊಡಬೇಕೋ ಬೇಡವೋ ಎಂದು ನಾವು ಅನುಮಾನಿಸುತ್ತಿದ್ದಾಗ, ಅವರು ಅದನ್ನು ತೆರೆದು, ಸೀಸದ ಕಡ್ಡಿಯ ಟಿಪ್ಪಣಿಗಳು ಉಳಿದಿರುವ ಪುಟಗಳನ್ನು ನೋಡಿ, ಇದೂ ಇಲ್ಲಿಯೇ ಇರಲಿ ಎಂದರು. ಕಪಾಟಿನ ಕೆಳಗಿನ ಅರೆಯನ್ನು ಬರಿದಾಗಿ ಬಿಟ್ಟು ಮೇಲಿನ ಅರೆಗಳಲ್ಲಿ ಜೋಡಿಸಿದರು. ಶಾಲೆಯ ಮೂಲೆಯ ಹೆಂಚೊಂದು ಸೋರುವುದೆಂದು ತಿಳಿಯಿತು. ಮಿತ್ರರ ಮಗನು ಏಣಿಯನ್ನು ತರಿಸಿ ಮೇಲೆ ಹತ್ತಿದನು.

ವಾಚಕರಲ್ಲಿ ಮೋಟಾರುಳ್ಳವರು ವರ್ಷಕ್ಕೆ ಎರಡು ಸಾರಿಯಾದರೂ, ಮಳೆಗಾಲಕ್ಕೆ ಮುನ್ನ ಒಮ್ಮೆ ಮತ್ತು ಮಳೆಯ ನಡುವೆ ಒಮ್ಮೆ, ಹಿಂಭಾಗದ ಹಾಸನ್ನು ಎತ್ತಿ ಚಕ್ರದ ತಗ್ಗನ್ನು ಕೈಯಿಂದ ಮುಟ್ಟಿ ನೋಡತಕ್ಕದ್ದು. ಕಾಲುವೆಗಳಲ್ಲಿಯ ಎಲೆಯನ್ನೂ ಧೂಳನ್ನೂ ತೆಗೆಯತಕ್ಕದ್ದು. ಮಕ್ಕಳ ಪುಸ್ತಕ, ಔಷಧ, ಧಾನ್ಯ, ಕಾಗದಪತ್ರ ಯಾವುದನ್ನೇ ಆದರೂ ಬರಿಯ ಹಾಸಿನ ಮೇಲೆ ಇಡದೆ, ಕೆಳಗೆ ಪಟ್ಟಿಯನ್ನು ಇಟ್ಟು ಇಡತಕ್ಕದ್ದು. ನೀರು ಕಂಡರೆ ಅಂಟಿನ ನಳಿಕೆಗೆ ಕೈಯಿಡುವುದಕ್ಕೆ ಮೊದಲು ಒಂದು ಬಿಳಿಯ ಬಟ್ಟಲನ್ನೂ ಒಂದು ಸೀಮೆಸುಣ್ಣದ ತುಂಡನ್ನೂ ತೆಗೆದುಕೊಳ್ಳುವುದು ಒಳ್ಳೆಯದು. ಇವೆರಡೂ ಎಲ್ಲರ ಮನೆಯಲ್ಲಿಯೂ ದೊರೆಯತಕ್ಕವುಗಳು.